ಯಾವ ಕೆಲಸ ಎಷ್ಟು ಅಪಾಯಕಾರಿ? ಉದ್ಯೋಗವಾರು ಗಾಯ ಮತ್ತು ಕಾಯಿಲೆಯ ದರಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಎಷ್ಟು ಜನರಿಗೆ ಗಾಯವಾಯಿತು ಎಂಬ ಲೆಕ್ಕ ಸಾಲದೇ? ‘ದರ’ ಏಕೆ ಬೇಕು?

ಸಾಲದು. ಹತ್ತು ಸಾವಿರ ಜನ ದುಡಿಯುವ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ವರ್ಷಕ್ಕೆ ಇಪ್ಪತ್ತು ಮಂದಿಗೆ ಪೆಟ್ಟಾಗಿ, ನಲವತ್ತು ಜನರ ಕಲ್ಲು ಕ್ವಾರಿಯಲ್ಲಿ ನಾಲ್ವರಿಗೆ ಪೆಟ್ಟಾದರೆ, ಒಟ್ಟು ಸಂಖ್ಯೆಯ ಪ್ರಕಾರ ಗಾರ್ಮೆಂಟ್ಸೇ ಹೆಚ್ಚು ಅಪಾಯದ ಜಾಗವಾಗುತ್ತದೆ; ಆದರೆ ಕ್ವಾರಿಯಲ್ಲಿ ಹತ್ತು ಜನರಲ್ಲಿ ಒಬ್ಬರು ಗಾಯಗೊಂಡಿದ್ದಾರೆ. ಶಾಲೆಯಲ್ಲಿ ಭಿನ್ನರಾಶಿ ಕಲಿಯುವಾಗ ಹೇಳಿಕೊಟ್ಟ ಅಂಶ ಮತ್ತು ಛೇದ ಎಂಬ ಎರಡು ಪದಗಳನ್ನು ಇಲ್ಲಿ ನೆನಪಿಸಿಕೊಂಡರೆ ಸಾಕು. ಮೇಲೆ ಇರುವುದು ಗಾಯಗೊಂಡವರ ಸಂಖ್ಯೆ, ಕೆಳಗೆ ಇರುವುದು ಆ ಅಪಾಯಕ್ಕೆ ಒಡ್ಡಿಕೊಂಡವರ ಸಂಖ್ಯೆ ಅಥವಾ ಅವರು ದುಡಿದ ಒಟ್ಟು ಗಂಟೆಗಳು. ಈ ವಿಷಯದಲ್ಲಿ ಹುಟ್ಟುವ ಗೊಂದಲಗಳಲ್ಲಿ ಹೆಚ್ಚಿನವು ಅಂಶದಲ್ಲಿ ಯಾರನ್ನು ಸೇರಿಸಿದ್ದಾರೆ, ಛೇದದಲ್ಲಿ ಯಾರನ್ನು ಬಿಟ್ಟಿದ್ದಾರೆ ಎಂದು ಕೇಳದೇ ಇರುವುದರಿಂದ ಬಂದವು.

ಒಂದೇ ಕಾರ್ಖಾನೆಗೆ ಒಂದು ವರದಿಯಲ್ಲಿ 5, ಇನ್ನೊಂದರಲ್ಲಿ 1, ಮತ್ತೊಂದರಲ್ಲಿ 12 ಎಂದು ಬರೆದಿರುತ್ತಾರೆ. ಯಾವುದು ನಿಜ?

ಮೂರೂ ನಿಜವಿರಬಹುದು. 500 ಕಾರ್ಮಿಕರು ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ದುಡಿದರೆ ಒಟ್ಟು 12 ಲಕ್ಷ ಗಂಟೆಗಳಾಗುತ್ತವೆ. ಆ ವರ್ಷ ಆರು ಮಂದಿ ಗಾಯಗೊಂಡು ರಜೆ ಹಾಕಬೇಕಾಯಿತು ಎಂದಿಟ್ಟುಕೊಳ್ಳಿ. ಭಾರತೀಯ ಮಾನಕ ಐಎಸ್ 3786 ಹೇಳುವ ‘ಆವರ್ತನ ದರ’ದಲ್ಲಿ ಹತ್ತು ಲಕ್ಷ ಗಂಟೆಗಳಿಗೆ ಎಷ್ಟು ಗಾಯ ಎಂದು ನೋಡುವುದರಿಂದ ಉತ್ತರ 5 ಬರುತ್ತದೆ. ಅಮೆರಿಕದ ಪದ್ಧತಿಯಲ್ಲಿ ಎರಡು ಲಕ್ಷ ಗಂಟೆಗಳಿಗೆ, ಅಂದರೆ ವಾರಕ್ಕೆ 40 ಗಂಟೆಯಂತೆ 50 ವಾರ ದುಡಿಯುವ ನೂರು ಜನರಿಗೆ, ಲೆಕ್ಕ ಹಾಕುವುದರಿಂದ ಅದೇ ಕಾರ್ಖಾನೆಯ ದರ 1 ಆಗುತ್ತದೆ. ಸಾವಿರ ಕಾರ್ಮಿಕರಿಗೆ ಇಷ್ಟು ಎಂದು ಹೇಳುವವರಿಗೆ 12 ಸಿಗುತ್ತದೆ. ಆದ್ದರಿಂದ ವಿದೇಶಿ ಮಾತೃಸಂಸ್ಥೆಯ ವರದಿಯಲ್ಲಿನ ದರವನ್ನು ಇಲ್ಲಿನ ಘಟಕದ ದರದ ಪಕ್ಕದಲ್ಲಿಟ್ಟು ಹೋಲಿಸುವ ಮೊದಲು ಛೇದ ಯಾವುದೆಂದು ನೋಡಬೇಕು. ಇಲ್ಲದಿದ್ದರೆ ಐದು ಪಟ್ಟು ವ್ಯತ್ಯಾಸ ಕೇವಲ ಗುಣಾಕಾರದಿಂದಲೇ ಹುಟ್ಟಿರುತ್ತದೆ.

ಗಾಯದ ತೀವ್ರತೆಗೂ ಬೇರೆಯದೇ ದರವಿದೆ. ಅದರಲ್ಲಿ ಕಳೆದುಹೋದ ದಿನಗಳನ್ನು ಎಣಿಸುತ್ತಾರೆ, ಮತ್ತು ಒಂದು ಸಾವನ್ನು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವನ್ನು 6,000 ದಿನಗಳ ನಷ್ಟವೆಂದು ಪರಿಗಣಿಸುತ್ತಾರೆ. ವರ್ಷಕ್ಕೆ 300 ಕೆಲಸದ ದಿನಗಳಂತೆ ಇದು ಇಪ್ಪತ್ತು ವರ್ಷಗಳ ದುಡಿಮೆ.

ಹಾಗಾದರೆ ಎಲ್ಲಕ್ಕಿಂತ ಅಪಾಯಕಾರಿ ಉದ್ಯೋಗ ಯಾವುದು?

ಉದ್ಯೋಗವಾರು ಲೆಕ್ಕವನ್ನು ಪ್ರತಿ ವರ್ಷ ಅಚ್ಚುಕಟ್ಟಾಗಿ ಪ್ರಕಟಿಸುವ ದೇಶಗಳಲ್ಲಿ ಅಮೆರಿಕ ಒಂದು. ಅಲ್ಲಿ 2023ರಲ್ಲಿ ಕೆಲಸದ ಗಾಯಗಳಿಂದ 5,283 ಮಂದಿ ಸತ್ತರು. ಪೂರ್ಣಾವಧಿ ದುಡಿಯುವ ಲಕ್ಷ ಜನರಿಗೆ ಸರಾಸರಿ 3.5 ಸಾವು. ಆದರೆ ಕಾಡಿನಲ್ಲಿ ಮರ ಕಡಿಯುವವರಲ್ಲಿ ಆ ದರ ಸುಮಾರು 99, ಅಂದರೆ ಸರಾಸರಿಯ ಇಪ್ಪತ್ತೆಂಟು ಪಟ್ಟು. ಮೀನುಗಾರರು ಮತ್ತು ಚಾವಣಿ ಹೊದಿಸುವವರು ಅವರ ಹಿಂದೆಯೇ ಇದ್ದಾರೆ. ಸಿನಿಮಾಗಳಲ್ಲಿ ಅತ್ಯಂತ ಅಪಾಯದ ಕೆಲಸವೆಂದು ಕಾಣುವ ಪೊಲೀಸರ ದರ ಇವರೆಲ್ಲರಿಗಿಂತ ಬಹಳ ಕೆಳಗಿದೆ. ಒಟ್ಟು ಸಾವುಗಳಲ್ಲಿ ಮಾತ್ರ ವಾಹನ ಚಾಲನೆ ಮತ್ತು ಸಾಗಣೆಯವರೇ ಮೊದಲು, ಏಕೆಂದರೆ ಅವರ ಸಂಖ್ಯೆಯೇ ದೊಡ್ಡದು.

ಸಾವನ್ನು ಬಿಟ್ಟು ಗಾಯ ಮತ್ತು ಕಾಯಿಲೆಗಳನ್ನು ನೋಡಿದರೆ ಪಟ್ಟಿ ತಲೆಕೆಳಗಾಗುತ್ತದೆ. ಅದೇ ದೇಶದಲ್ಲಿ ಆಸ್ಪತ್ರೆ ಮತ್ತು ಆರೈಕೆ ವಲಯದ ದರ ಕಟ್ಟಡ ನಿರ್ಮಾಣದ ದರಕ್ಕಿಂತ ಹೆಚ್ಚು. ರೋಗಿಯನ್ನು ಹಾಸಿಗೆಯಿಂದ ಎತ್ತಿ ಕೂರಿಸುವ ದಾದಿಯ ಬೆನ್ನು, ಸೂಜಿ ಚುಚ್ಚಿದ ಬೆರಳು, ಗಲಾಟೆ ಮಾಡುವ ರೋಗಿಯಿಂದ ಬಿದ್ದ ಹೊಡೆತ, ಸೋಂಕು ಎಲ್ಲವೂ ಇದರಲ್ಲಿ ಸೇರುತ್ತವೆ. ಕಟ್ಟಡದ ಕೆಲಸದಲ್ಲಿ ಸಣ್ಣ ಗಾಯಗಳು ದಾಖಲಾಗುವುದು ಕಡಿಮೆ ಎಂಬ ಅನುಮಾನವೂ ತಜ್ಞರಿಗಿದೆ. ಸಾವನ್ನು ಮುಚ್ಚಿಡುವುದು ಕಷ್ಟ, ಉಳುಕಿದ ಕಾಲನ್ನು ಮುಚ್ಚಿಡುವುದು ಸುಲಭ. ಆದ್ದರಿಂದ ಹೋಲಿಕೆಗೆ ಸಾವಿನ ದರವೇ ಹೆಚ್ಚು ಭರವಸೆಯದು ಎಂದು ನನ್ನ ಅಭಿಪ್ರಾಯ.

ಭಾರತದಲ್ಲಿ ಇಂಥ ಉದ್ಯೋಗವಾರು ಪಟ್ಟಿ ಇದೆಯೇ?

ಎಲ್ಲ ಉದ್ಯೋಗಗಳನ್ನೂ ಒಳಗೊಂಡ ಪಟ್ಟಿ ಇಲ್ಲ. ತುಂಡು ತುಂಡಾಗಿ ಇದೆ. ನೋಂದಾಯಿತ ಕಾರ್ಖಾನೆಗಳ ಲೆಕ್ಕ ರಾಜ್ಯಗಳಿಂದ ಬಂದು ಮುಂಬೈನಲ್ಲಿರುವ ಡಿಜಿಫಾಸ್ಲಿ ಎಂಬ ಕೇಂದ್ರ ಸಂಸ್ಥೆಯಲ್ಲಿ ಸೇರುತ್ತದೆ. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ. ಗಣಿಗಳ ಲೆಕ್ಕ ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದಲ್ಲಿರುತ್ತದೆ. ನೋಂದಾಯಿತ ಕಾರ್ಖಾನೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 1,100 ಸಾವುಗಳು ದಾಖಲಾಗಿವೆ, ಗಾಯಗಳು ನಾಲ್ಕು ಸಾವಿರದ ಆಸುಪಾಸಿನಲ್ಲಿವೆ.

ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಇಟ್ಟು ನೋಡಿ: ಒಂದು ಸಾವಿಗೆ ನಾಲ್ಕು ಗಾಯ. ಅಮೆರಿಕದಲ್ಲಿ ಸಾವುಗಳು ಐದು ಸಾವಿರವಾದರೆ ಖಾಸಗಿ ವಲಯದ ದಾಖಲಾದ ಗಾಯ, ಕಾಯಿಲೆಗಳು ಇಪ್ಪತ್ತಾರು ಲಕ್ಷದಷ್ಟು, ಅಂದರೆ ಒಂದು ಸಾವಿಗೆ ಐನೂರು. ಎರಡು ಕಡೆಯ ಅಳತೆಗೋಲು ಒಂದೇ ಅಲ್ಲ ಎಂಬುದು ನಿಜ. ಕಾರ್ಖಾನೆಗಳ ಕಾಯ್ದೆ ಗಾಯಗೊಂಡವರು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಾರದಿದ್ದರೆ ಮಾತ್ರ ವರದಿ ಮಾಡಬೇಕೆಂದು ಹೇಳುತ್ತಿತ್ತು; ಅಮೆರಿಕದಲ್ಲಿ ಪ್ರಥಮ ಚಿಕಿತ್ಸೆಗಿಂತ ಮೇಲಿನ ಚಿಕಿತ್ಸೆ ಬೇಕಾದ ಗಾಯವೂ ದಾಖಲಾಗುತ್ತದೆ. ಆದರೂ ನಾಲ್ಕಕ್ಕೂ ಐನೂರಕ್ಕೂ ಇರುವ ಅಂತರವನ್ನು ಅಳತೆಗೋಲೊಂದರಿಂದಲೇ ವಿವರಿಸಲಾಗದು. ನಮ್ಮಲ್ಲಿ ಗಾಯಗಳು ಕಡಿಮೆಯಲ್ಲ, ಬರೆದುಕೊಂಡಿದ್ದು ಕಡಿಮೆ.

1948ರ ಕಾರ್ಖಾನೆಗಳ ಕಾಯ್ದೆ ಸೇರಿದಂತೆ ಹಲವು ಹಳೆಯ ಕಾನೂನುಗಳು ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ವಿಲೀನವಾಗಿವೆ. ಅದು 2025ರ ನವೆಂಬರ್ 21ರಂದು ಜಾರಿಗೆ ಬಂತು.

ಕೃಷಿಕರು ಮತ್ತು ತೋಟದ ಕೆಲಸಗಾರರು ಯಾವ ಲೆಕ್ಕದಲ್ಲಿ ಬರುತ್ತಾರೆ?

ಬಹುತೇಕ ಯಾವ ಲೆಕ್ಕದಲ್ಲೂ ಇಲ್ಲ. ಸ್ವಂತ ಹೊಲದಲ್ಲಿ ಟ್ರ್ಯಾಕ್ಟರ್ ಮಗುಚಿ ಸತ್ತ ರೈತ ಕಾನೂನಿನ ಕಣ್ಣಿನಲ್ಲಿ ಯಾರ ಕಾರ್ಮಿಕನೂ ಅಲ್ಲ. ಅವನ ಸಾವು ಪೊಲೀಸ್ ಠಾಣೆಯಲ್ಲಿ ಅಪಘಾತವಾಗಿ ದಾಖಲಾಗುತ್ತದೆಯೇ ಹೊರತು ಕೆಲಸದ ಸಾವಾಗಿ ಅಲ್ಲ.

ಅಡಿಕೆ ಗೊನೆ ಕೊಯ್ಯುವ ಮಲೆನಾಡಿನ ಕೊನೆಗಾರರನ್ನೇ ನೋಡಿ. ನಲವತ್ತು ಐವತ್ತು ಅಡಿ ಎತ್ತರದ ಅಡಿಕೆ ಮರವನ್ನು ಕಾಲಿಗೆ ತಳೆ ಕಟ್ಟಿಕೊಂಡು ಏರಿ, ಕೆಳಗಿಳಿದು ಮತ್ತೆ ಹತ್ತುವ ಶ್ರಮ ತಪ್ಪಿಸಲು ತುದಿಯಲ್ಲೇ ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾರೆ. ಕೊಯ್ಲಿನ ಕಾಲದಲ್ಲಿ ಮರ ಒಣಗಿರುತ್ತದೆ. ನಿಜವಾದ ಗಂಡಾಂತರ ಇರುವುದು ಮಳೆಗಾಲದಲ್ಲಿ. ಕೊಳೆರೋಗ ತಡೆಯಲು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆ ಬಿಡುವಿನಲ್ಲೇ ಸಿಂಪಡಿಸಬೇಕಾಗುತ್ತದೆ, ಆಗ ಕಾಂಡದ ಮೇಲೆ ಪಾಚಿ ಕಟ್ಟಿ ಜಾರುತ್ತಿರುತ್ತದೆ. ಅಷ್ಟು ಎತ್ತರದಿಂದ ಬಿದ್ದವರು ಬದುಕಿದರೂ ಬೆನ್ನುಹುರಿ ಮುರಿದು ಮತ್ತೆ ಏಳದಿರುವುದು ಊರೂರಿನಲ್ಲೂ ಕಾಣುವ ಸಂಗತಿ. ಒಬ್ಬ ಕೊನೆಗಾರ ಒಂದೇ ಋತುವಿನಲ್ಲಿ ಹತ್ತಾರು ತೋಟಗಳಲ್ಲಿ ದುಡಿಯುವುದರಿಂದ ಅವನ ಮಾಲೀಕ ಯಾರು ಎಂಬ ಪ್ರಶ್ನೆಗೇ ಉತ್ತರವಿರುವುದಿಲ್ಲ. ಊರಿನಲ್ಲಿ ಕೊನೆಗಾರರು ಎಷ್ಟಿದ್ದಾರೆಂದು ಎಣಿಸಿದವರೂ ಇಲ್ಲ, ಎಷ್ಟು ಜನ ಬಿದ್ದರೆಂದು ಎಣಿಸಿದವರೂ ಇಲ್ಲ. ಅಂಶ, ಛೇದ ಎರಡೂ ಖಾಲಿ.

ಈಗ ನೆಲದ ಮೇಲೆ ನಿಂತೇ ಕೊಯ್ಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿಗಳು ಬಂದು ಹತ್ತುವ ಕೆಲಸ ಕಡಿಮೆಯಾಗುತ್ತಿದೆ. ಆದರೆ ಕಾರ್ಬನ್ ಫೈಬರ್ ವಿದ್ಯುತ್ ಹರಿಯಬಿಡುವ ವಸ್ತು. ತೋಟದ ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಬೀಳುವ ಅಪಾಯದ ಜಾಗಕ್ಕೆ ಶಾಕ್ ಹೊಡೆಯುವ ಅಪಾಯ ಬಂದು ಕೂರುತ್ತದೆ.

ಒಂದು ಒಳ್ಳೆಯ ಬದಲಾವಣೆಯನ್ನೂ ಹೇಳಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹಾವು ಕಡಿಸಿಕೊಳ್ಳುವವರಲ್ಲಿ ಹೆಚ್ಚಿನವರು ಹೊಲ ಗದ್ದೆಗಳಲ್ಲಿ ದುಡಿಯುವವರಾದ್ದರಿಂದ, ಹೆಸರು ಹಾಗಿಲ್ಲದಿದ್ದರೂ ಇದು ಕೃಷಿ ಕೆಲಸದ ಗಾಯದ ಲೆಕ್ಕವೇ ಆಗಿದೆ.

ಔದ್ಯೋಗಿಕ ಕಾಯಿಲೆಗಳ ಸಂಖ್ಯೆ ಗಾಯಗಳಿಗಿಂತ ಕಡಿಮೆ ಎಂದು ಸರ್ಕಾರಿ ಅಂಕಿಗಳು ತೋರಿಸುತ್ತವೆ. ಅದು ಸರಿಯೇ?

ವಾಸ್ತವ ಇದಕ್ಕೆ ತದ್ವಿರುದ್ಧ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 2019ರಲ್ಲಿ ಕೆಲಸಕ್ಕೆ ಸಂಬಂಧಿಸಿದ ಕಾರಣಗಳಿಂದ ಸತ್ತವರು ಸುಮಾರು 29.3 ಲಕ್ಷ, ಅವರಲ್ಲಿ ಅಪಘಾತದಿಂದ ಸತ್ತವರು 3.3 ಲಕ್ಷ, ಉಳಿದ 26 ಲಕ್ಷ ಮಂದಿಯನ್ನು ಕೊಂದದ್ದು ಕಾಯಿಲೆಗಳು. ಅಪಘಾತಕ್ಕೆ ತಾರೀಖು ಇರುತ್ತದೆ, ಕಂಡವರಿರುತ್ತಾರೆ. ಕಾಯಿಲೆಗೆ ಅದ್ಯಾವುದೂ ಇಲ್ಲ.

ಸಿಲಿಕೋಸಿಸ್‌ನ ಕಥೆ ಇದಕ್ಕೆ ಸಾಕ್ಷಿ. ಕಲ್ಲು ಕೊರೆಯುವಾಗ, ಪುಡಿ ಮಾಡುವಾಗ ಏಳುವ ಸಿಲಿಕಾ ಧೂಳಿನ ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿ ಗಾಯದ ಕಲೆಯಂತಹ ಗಂಟುಗಳನ್ನು ಕಟ್ಟುತ್ತವೆ. ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಧೂಳು ಕುಡಿದ ಮೇಲೆ ಉಬ್ಬಸ ಶುರುವಾಗುತ್ತದೆ. ಧೂಳು ವಿಪರೀತವಿದ್ದಲ್ಲಿ ಕೆಲವೇ ವರ್ಷಗಳು ಸಾಕು. ಹಾಳಾದ ಶ್ವಾಸಕೋಶ ಮತ್ತೆ ಸರಿಯಾಗುವುದಿಲ್ಲ, ಕೆಲಸ ಬಿಟ್ಟ ಮೇಲೂ ಕಾಯಿಲೆ ಬೆಳೆಯುತ್ತಲೇ ಹೋಗಬಹುದು. ನಮ್ಮ ದೇಶದಲ್ಲಿ ಇದನ್ನು ಮೊದಲು ವ್ಯವಸ್ಥಿತವಾಗಿ ಗುರುತಿಸಿದ್ದು ಕೋಲಾರ ಚಿನ್ನದ ಗಣಿಯಲ್ಲಿ. 1940ರ ದಶಕದಲ್ಲಿ ಅಲ್ಲಿ ನಡೆದ ತಪಾಸಣೆಯಲ್ಲಿ ಪರೀಕ್ಷೆಗೊಳಗಾದ ಗಣಿ ಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಕಂಡುಬಂದಿತ್ತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಆ ಗಣಿಯಲ್ಲಿ ಬಂಡೆ ಸಿಡಿತದಿಂದ ಸತ್ತವರ ಲೆಕ್ಕ ಪುಸ್ತಕದಲ್ಲಿ ಬಂತು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿದ ನಂತರ ಮನೆಯಲ್ಲಿ ಕೆಮ್ಮುತ್ತ ಸತ್ತವರು ಯಾವ ಗಣಿಯ ದರದಲ್ಲೂ ಸೇರಲಿಲ್ಲ.

ಇವತ್ತಿನ ಕ್ವಾರಿ ಮತ್ತು ಕ್ರಷರ್‌ಗಳಲ್ಲಿ ಪರಿಸ್ಥಿತಿ ಇನ್ನೂ ಜಟಿಲ, ಏಕೆಂದರೆ ಗಣಿಗೆ ಇದ್ದಂತೆ ಅಲ್ಲಿ ಖಾಯಂ ಕಾರ್ಮಿಕರ ಹಾಜರಿ ಪುಸ್ತಕವೂ ಇರುವುದು ಅಪರೂಪ. ದೂರದ ರಾಜ್ಯದಿಂದ ಬಂದವರು ಕೆಲವು ವರ್ಷ ದುಡಿದು ಊರಿಗೆ ಮರಳುತ್ತಾರೆ. ಕಾಯಿಲೆ ಕಾಣಿಸುವುದು ಅಲ್ಲಿ. ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ ಕ್ಷಯದಂತೆಯೇ ಕಾಣಬಹುದು, ಸಿಲಿಕಾ ಹೊಕ್ಕ ಶ್ವಾಸಕೋಶಕ್ಕೆ ಕ್ಷಯ ತಗಲುವುದೂ ಹೆಚ್ಚು. ಆದ್ದರಿಂದ ಟಿಬಿ ಮಾತ್ರೆ ಕೊಟ್ಟು ಕಳಿಸಲಾಗುತ್ತದೆ, ‘ನೀನು ಏನು ಕೆಲಸ ಮಾಡುತ್ತಿದ್ದೆ?’ ಎಂದು ಯಾರೂ ಕೇಳುವುದಿಲ್ಲ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಒಂದೇ ತಿಂಗಳ ಅಂತರದಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ನಡೆದ ಸ್ಫೋಟಗಳ ಸುದ್ದಿ ನಾಡಿಗೆಲ್ಲ ಗೊತ್ತು. ಧೂಳು ಸದ್ದು ಮಾಡುವುದಿಲ್ಲ.

ಯಾವ ಕಾಯಿಲೆಗಳನ್ನು ಕಾನೂನು ಔದ್ಯೋಗಿಕ ಎಂದು ಒಪ್ಪುತ್ತದೆ?

ಕಾರ್ಖಾನೆಗಳ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ 29 ಕಾಯಿಲೆಗಳಿದ್ದವು: ಸೀಸ, ಪಾದರಸ, ಬೆಂಜೀನ್ ಮುಂತಾದವುಗಳ ವಿಷಬಾಧೆ, ಸಿಲಿಕೋಸಿಸ್, ಕಲ್ನಾರಿನ ಧೂಳಿನಿಂದ ಬರುವ ಆಸ್ಬೆಸ್ಟೋಸಿಸ್, ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್, ಸದ್ದಿನಿಂದಾಗುವ ಕಿವುಡು ಇತ್ಯಾದಿ. ಈ ಪಟ್ಟಿ ಬಹುಮಟ್ಟಿಗೆ ರಾಸಾಯನಿಕ ಮತ್ತು ಧೂಳಿನ ಕಾಲದ್ದು. ದಿನವಿಡೀ ಬೆನ್ನು ಬಾಗಿಸಿ ಹೊಲಿಯುವ ಗಾರ್ಮೆಂಟ್ಸ್ ಮಹಿಳೆಯ ಕುತ್ತಿಗೆ ಮತ್ತು ಸೊಂಟ ನೋವು, ಮೂಟೆ ಹೊರುವ ಹಮಾಲಿಯ ಸವೆದ ಮಂಡಿ ಇದರಲ್ಲಿ ಇಲ್ಲ. ಬೇರೆ ದೇಶಗಳ ಅಂಕಿಗಳಲ್ಲಿ ಸ್ನಾಯು, ಕೀಲುಗಳ ತೊಂದರೆಯೇ ದೊಡ್ಡ ಪಾಲು ಪಡೆಯುವಾಗ ನಮ್ಮ ಅಂಕಿಗಳಲ್ಲಿ ಅದು ಕಾಣದಿರಲು ಇದೂ ಒಂದು ಕಾರಣ.

ಪಟ್ಟಿಯಲ್ಲಿರುವುದೂ ಎಣಿಕೆಗೆ ಬರುತ್ತದೆಂಬ ಖಾತ್ರಿಯಿಲ್ಲ. ಕಾರ್ಖಾನೆಯಲ್ಲಿ ಎಂಟು ಗಂಟೆಗೆ 90 ಡೆಸಿಬಲ್ ಸದ್ದಿನ ಮಿತಿಯಿದೆ. ಆದರೆ ದೊಡ್ಡಬಳ್ಳಾಪುರದಂತಹ ಊರಿನಲ್ಲಿ ಮನೆಯ ನಡುಮನೆಯಲ್ಲೇ ವಿದ್ಯುತ್ ಮಗ್ಗ ಓಡುತ್ತದೆ, ಅದರ ಪಕ್ಕದಲ್ಲೇ ಮಗುವಿನ ತೊಟ್ಟಿಲಿರುತ್ತದೆ. ಮಗ್ಗ ನಡೆಸುವವರು ಒಬ್ಬರಿಗೊಬ್ಬರು ಕೈಸನ್ನೆಯಲ್ಲಿ ಮಾತಾಡುವುದನ್ನು ನೋಡಿದವರಿಗೆ ಅಳೆಯುವ ಯಂತ್ರ ಬೇಕಾಗುವುದಿಲ್ಲ. ಆ ಮನೆ ಕಾರ್ಖಾನೆಯಲ್ಲ, ಆ ಕಿವುಡು ಔದ್ಯೋಗಿಕವೂ ಅಲ್ಲ.

ಮಂಗನ ಕಾಯಿಲೆಯ ಉದಾಹರಣೆ ಇನ್ನೂ ವಿಚಿತ್ರ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಉಣ್ಣೆ ಎಂಬ ರಕ್ತ ಹೀರುವ ಹುಳುಗಳಿಂದ ಹರಡುತ್ತದೆ, ಮತ್ತು ಬೇಸಿಗೆಯ ಮುನ್ನ ತರಗೆಲೆ, ಸೌದೆ ತರಲು, ದನ ಮೇಯಿಸಲು, ತೋಟದ ಕೆಲಸಕ್ಕೆ ಕಾಡಂಚಿಗೆ ಹೋಗುವವರನ್ನೇ ಹಿಡಿಯುತ್ತದೆ. ಇದನ್ನು ಸಾಂಕ್ರಾಮಿಕ ರೋಗವಾಗಿ ಶ್ರದ್ಧೆಯಿಂದ ಎಣಿಸುತ್ತಾರೆ. ಕೆಲಸದ ರೋಗವಾಗಿ ಎಣಿಸುವುದಿಲ್ಲ.

ಮ್ಯಾನ್‌ಹೋಲ್ ಸಾವುಗಳು ಒಮ್ಮೆಗೇ ಇಬ್ಬರು ಮೂವರನ್ನು ಬಲಿ ತೆಗೆದುಕೊಳ್ಳುವುದೇಕೆ?

ಗುಂಡಿಯಲ್ಲಿ ಕೂಡಿಕೊಳ್ಳುವ ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆಯಿದೆ, ಆದರೆ ಅದರ ಪ್ರಮಾಣ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯೇ ಮರಗಟ್ಟುತ್ತದೆ. ವಾಸನೆ ನಿಂತಿತು, ಇನ್ನು ಇಳಿಯಬಹುದು ಎಂದುಕೊಂಡ ಕ್ಷಣವೇ ಅತ್ಯಂತ ಅಪಾಯದ್ದು. ಮೊದಲು ಇಳಿದವನು ಕುಸಿದಾಗ ಅವನನ್ನು ಎತ್ತಲು ತಮ್ಮನೋ ಜೊತೆಗಾರನೋ ಇಳಿಯುತ್ತಾನೆ, ಅವನೂ ಮೇಲೆ ಬರುವುದಿಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿದೆ. ಸುಪ್ರೀಂ ಕೋರ್ಟ್ 2014ರಲ್ಲಿ ಪ್ರತಿ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿ, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹಾಗೆ ಸಾಧನವಿಲ್ಲದೆ ಇಳಿಯುವವರು ಒಟ್ಟು ಎಷ್ಟು ಮಂದಿ ಎಂಬ ಛೇದ ಕಾನೂನಿನ ಪ್ರಕಾರ ಸೊನ್ನೆಯೇ ಆಗಿರಬೇಕಾದ್ದರಿಂದ ಇಲ್ಲಿ ದರ ಎಂಬ ಮಾತಿಗೇ ಅರ್ಥವಿಲ್ಲ.

ಊಟ, ದಿನಸಿ ತಲುಪಿಸುವ ಡೆಲಿವರಿ ಹುಡುಗರ ಅಪಘಾತ ಕೆಲಸದ ಗಾಯವೇ?

ನ್ಯಾಯವಾಗಿ ಹೌದು, ದಾಖಲೆಯಲ್ಲಿ ಹೆಚ್ಚಾಗಿ ರಸ್ತೆ ಅಪಘಾತ. 2025ರಲ್ಲಿ ಕರ್ನಾಟಕ ಆ್ಯಪ್‌ಗಳ ಮೂಲಕ ದುಡಿಯುವ ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಪ್ರತ್ಯೇಕ ಕಾಯ್ದೆ ಮಾಡಿದೆ. ಅದರ ನೋಂದಣಿ ಪೂರ್ಣಗೊಂಡರೆ ಕನಿಷ್ಠ ಛೇದವಾದರೂ ಸಿಕ್ಕೀತು.

ಐಟಿ ಕೆಲಸದಲ್ಲಿ ಗಾಯವೇ ಇಲ್ಲವಲ್ಲ?

ಗಾಯ ಕಡಿಮೆ. ಆದರೆ ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದೆ. ಇದು ಮೇಜಿನ ಮುಂದೆ ಕೂರುವವರಿಗೂ ಲಾರಿ ಚಾಲಕರಿಗೂ ಸೆಕ್ಯುರಿಟಿ ಗಾರ್ಡ್‌ಗಳಿಗೂ ಸಮಾನವಾಗಿ ಅನ್ವಯಿಸುತ್ತದೆ.

ಗೇಟಿನ ಬಳಿಯ ‘ಅಪಘಾತವಿಲ್ಲದ ದಿನಗಳು’ ಫಲಕವನ್ನು ನಂಬಬಹುದೇ?

ಫಲಕವನ್ನಲ್ಲ, ಅದರ ಹಿಂದಿನ ಪದ್ಧತಿಯನ್ನು ನೋಡಿ. ಹಿಂದೊಮ್ಮೆ ನಾನು ಭೇಟಿ ಕೊಟ್ಟಿದ್ದ ಒಂದು ಘಟಕದಲ್ಲಿ ಫಲಕದ ಸಂಖ್ಯೆ ನಾಲ್ಕು ನೂರು ದಾಟಿತ್ತು. ಒಳಗೆ ಸ್ಟೋರ್ಸ್‌ನಲ್ಲಿ ಒಬ್ಬರು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಎಡಗೈಯಲ್ಲಿ ಬಿಲ್ಲುಗಳನ್ನು ಜೋಡಿಸುತ್ತಿದ್ದರು. ಕೆಲಸಕ್ಕೆ ಬಂದಿದ್ದಾರೆ, ಆದ್ದರಿಂದ ದಿನ ಕಳೆದಿಲ್ಲ, ಆದ್ದರಿಂದ ಅಪಘಾತವಿಲ್ಲ. ದಾಖಲೆ ಚೆನ್ನಾಗಿದ್ದರೆ ಇಡೀ ಪಾಳಿಗೆ ಬೋನಸ್ ಎಂಬ ಯೋಜನೆ ಇರುವಲ್ಲಿ ಗಾಯವನ್ನು ಮುಚ್ಚಿಡಲು ಜೊತೆಗಾರರೇ ಒತ್ತಾಯಿಸುತ್ತಾರೆ. ಗುತ್ತಿಗೆ ಕಾರ್ಮಿಕರ ಗಾಯ ಗುತ್ತಿಗೆದಾರನ ಲೆಕ್ಕಕ್ಕೆ ಹೋಗಿ, ಅವರ ಗಂಟೆಗಳು ಮಾತ್ರ ಕಂಪನಿಯ ಛೇದದಲ್ಲಿ ಸೇರುವುದೂ ಉಂಟು. ಸಣ್ಣಪುಟ್ಟ ಗಾಯಗಳೂ ‘ಕೂದಲೆಳೆಯಲ್ಲಿ ತಪ್ಪಿದ’ ಘಟನೆಗಳೂ ಹೇರಳವಾಗಿ ಬರೆದಿರುವ ಪುಸ್ತಕವನ್ನು ನಾನು ಖಾಲಿ ಪುಸ್ತಕಕ್ಕಿಂತ ಹೆಚ್ಚು ನಂಬುತ್ತೇನೆ.

ಕಳೆದುಕೊಂಡ ಬೆರಳಿಗೆ ಕಾನೂನು ಎಷ್ಟು ಬೆಲೆ ಕಟ್ಟುತ್ತದೆ?

1923ರ ಪರಿಹಾರ ಕಾಯ್ದೆ, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿರುವ ಕಾನೂನು, ದುಡಿಯುವ ಶಕ್ತಿಯ ನಷ್ಟವನ್ನು ಶೇಕಡಾವಾರಿನಲ್ಲಿ ಪಟ್ಟಿ ಮಾಡಿತ್ತು: ಹೆಬ್ಬೆರಳು ಪೂರ್ತಿ ಹೋದರೆ 30, ತೋರುಬೆರಳು 14, ನಡುಬೆರಳು 12, ಉಂಗುರದ ಬೆರಳು ಅಥವಾ ಕಿರುಬೆರಳು 7, ಒಂದೇ ಕೈಯ ನಾಲ್ಕು ಬೆರಳುಗಳು ಹೋದರೆ 50. ಆ ಕಾಯ್ದೆಯಡಿ 2020ರ ಅಧಿಸೂಚನೆಯಂತೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದ ಗರಿಷ್ಠ ಮಾಸಿಕ ವೇತನ 15,000 ರೂಪಾಯಿ. ಲೋಹದ ತಗಡು ಒತ್ತುವ ಪವರ್ ಪ್ರೆಸ್ ಯಂತ್ರದ ಮೂವತ್ತು ವರ್ಷದ ಆಪರೇಟರ್ ತೋರುಬೆರಳು ಕಳೆದುಕೊಂಡರೆ, ಆ ವೇತನದ ಶೇ 60 ಅಂದರೆ 9,000ವನ್ನು ಆ ವಯಸ್ಸಿನ ಗುಣಕ 207.98ರಿಂದ ಗುಣಿಸಿ, ಅದರ ಶೇ 14 ತೆಗೆದರೆ ಸುಮಾರು 2.62 ಲಕ್ಷ ರೂಪಾಯಿ ಬರುತ್ತದೆ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುವವರಿಗೆ ಈ ಇಡುಗಂಟಿನ ಬದಲು ಬೇರೆ ವ್ಯವಸ್ಥೆ: ಗುಣವಾಗುವವರೆಗೆ ವೇತನದ ಶೇ 90ರಷ್ಟು ಭತ್ಯೆ, ನಂತರ ಶಾಶ್ವತ ನಷ್ಟದ ಪ್ರಮಾಣಕ್ಕೆ ತಕ್ಕಂತೆ ಮಾಸಿಕ ಹಣ. ಬೆರಳು ಹೋಗುವುದು ಸಾಮಾನ್ಯವಾಗಿ ಕಾರ್ಮಿಕರ ಅಜಾಗರೂಕತೆಯಿಂದ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎರಡೂ ಕೈಗಳಿಂದ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುವ ಪ್ರೆಸ್‌ನಲ್ಲಿ ಬೆರಳಿಡಲು ಜಾಗವೇ ಇರುವುದಿಲ್ಲ. ಉತ್ಪಾದನೆ ನಿಧಾನವಾಗುತ್ತದೆಂದು ಅವುಗಳಲ್ಲಿ ಒಂದು ಗುಂಡಿಗೆ ಟೇಪ್ ಸುತ್ತಿಟ್ಟಲ್ಲಿ ಬೆರಳು ಹೋಗುತ್ತದೆ.

ನನಗಾದ ಗಾಯ ಅಥವಾ ಕಾಯಿಲೆ ಲೆಕ್ಕಕ್ಕೆ ಸೇರಬೇಕಾದರೆ ಏನು ಮಾಡಬೇಕು?

ಇಎಸ್‌ಐ ಇರುವಲ್ಲಿ ಅಪಘಾತ ಪುಸ್ತಕದಲ್ಲಿ ಅದೇ ದಿನ ನಮೂದಾಗುವಂತೆ ನೋಡಿಕೊಳ್ಳಿ, ಸಾಕ್ಷಿಗಳ ಹೆಸರು ಬರೆಸಿ, ಮಾಲೀಕರು ನಮೂನೆ 12ರಲ್ಲಿ ಕಳಿಸಬೇಕಾದ ವರದಿಯ ಪ್ರತಿ ಕೇಳಿ. ಆಸ್ಪತ್ರೆಯಲ್ಲಿ ‘ಬಿದ್ದೆ’ ಎಂದಷ್ಟೇ ಹೇಳದೆ, ಎಲ್ಲಿ, ಯಾವ ಕೆಲಸ ಮಾಡುವಾಗ ಬಿದ್ದೆ ಎಂಬುದನ್ನು ಚೀಟಿಯಲ್ಲಿ ಬರೆಸಿ. ಉಬ್ಬಸ, ಕೆಮ್ಮು, ಚರ್ಮದ ತುರಿಕೆ, ಕಿವಿ ಮಂದವಾಗುವುದು ಇಂಥ ತೊಂದರೆಗಳಿಗೆ ಹೋದಾಗ ಈಗಿನ ಕೆಲಸವನ್ನಷ್ಟೇ ಅಲ್ಲ, ಹಿಂದೆ ಮಾಡಿದ ಕೆಲಸಗಳನ್ನೂ ಎಷ್ಟು ವರ್ಷ ಮಾಡಿದಿರೆಂಬುದರೊಂದಿಗೆ ತಿಳಿಸಿ. ರೋಗಿಯನ್ನು ‘ನಿನ್ನ ಕಸುಬೇನು?’ ಎಂದು ತಪ್ಪದೆ ಕೇಳಿ ಎಂದು ಇಟಲಿಯ ವೈದ್ಯ ರಾಮಾಜಿನಿ ತನ್ನ ಸಹವೈದ್ಯರಿಗೆ ಹೇಳಿದ್ದು 1700ರಲ್ಲಿ. ನಮ್ಮ ಹೆಚ್ಚಿನ ಹೊರರೋಗಿ ಚೀಟಿಗಳಲ್ಲಿ ಹೆಸರು, ವಯಸ್ಸು, ಲಿಂಗಕ್ಕೆ ಜಾಗವಿರುತ್ತದೆ, ಕಸುಬಿಗೆ ಇರುವುದಿಲ್ಲ. ಅಂಚಿನಲ್ಲಾದರೂ ಬರೆದುಕೊಡಿ ಎಂದು ಕೇಳಿಕೊಳ್ಳಿ.